ಓದದೆಯೇ ನಕ್ಕವರ ನಡುವೆ ತ್ರಿವೇಣಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ದಿನಾ ಗ್ರಂಥಾಲಯಕ್ಕೆ ಹೋಗುತ್ತೇನೆ. ಒಂದು ಸಂಜೆ ಅಮ್ಮನಿಗೆಂದು ತ್ರಿವೇಣಿಯವರ ‘ಶರಪಂಜರ’ ಕಾದಂಬರಿ ತೆಗೆದುಕೊಂಡು ಹೊರಟಾಗ, ಜೊತೆಯಲ್ಲಿ ಓದುವ ಗೆಳೆಯನೊಬ್ಬ ನಕ್ಕುಬಿಟ್ಟ. ಹೆಂಗಸರು ಮಧ್ಯಾಹ್ನದ ಹೊತ್ತು ಓದಿ ಅಳುವ ಪುಸ್ತಕ ಅದು ಎಂಬುದು ಅವನ ಅಭಿಪ್ರಾಯ. ಅವನು ಅದನ್ನು ಓದಿರಲಿಲ್ಲ. ನಾನೂ ಓದಿರಲಿಲ್ಲ. ಆದರೂ ಪುಸ್ತಕ ಅಮ್ಮನಿಗೆ, ನನಗಲ್ಲ ಎಂದು ಸಮಜಾಯಿಷಿ ಕೊಟ್ಟೆ. ಬಸ್ಸಿನಲ್ಲಿ ಸುಮ್ಮನೆ ಪುಟ ತಿರುವಿದವಳು ಎರಡೇ ದಿನದಲ್ಲಿ ಓದಿ ಮುಗಿಸಿದೆ. ಆಮೇಲೆ ಆ ಸಮಜಾಯಿಷಿ ನೆನೆದು ನಾಚಿಕೆಯಾಯಿತು.

ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ಅವರ ನಿಜವಾದ ಹೆಸರು ಅನಸೂಯಾ. ಕನ್ನಡಕ್ಕೆ ಹೊಸ ಕಾವ್ಯದ ದಾರಿ ತೋರಿದ ಬಿ.ಎಂ.ಶ್ರೀ ಅವರ ಸಹೋದರನ ಮಗಳು. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ, ಬಿ.ಎ.ಯಲ್ಲಿ ಚಿನ್ನದ ಪದಕ ಪಡೆದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾದರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅಲ್ಲಿಂದ ಹತ್ತೇ ವರ್ಷಗಳಲ್ಲಿ ಸುಮಾರು 20 ಕಾದಂಬರಿ, ಮೂರು ಕಥಾ ಸಂಕಲನ ಬರೆದರು.

ಓದಿದ್ದ ಮನಃಶಾಸ್ತ್ರವನ್ನು ಅವರು ಪದವಿಯ ಜೊತೆಗೆ ಕಟ್ಟಿಡಲಿಲ್ಲ, ಕಥೆಯೊಳಗೆ ತಂದರು. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಆರೋಗ್ಯ ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ವಾಸಿಯಾಗಿದೆ, ಆದರೆ ಸುತ್ತಲಿನವರ ಅನುಮಾನ ವಾಸಿಯಾಗುವುದಿಲ್ಲ. ಜೋರಾಗಿ ನಕ್ಕರೂ, ಸಿಟ್ಟು ಮಾಡಿದರೂ ಹಳೆಯ ಹುಚ್ಚು ಎಂಬ ನೋಟ. ಬಾಣಂತಿಯ ಮಾನಸಿಕ ಕಾಯಿಲೆಯನ್ನು ದೆವ್ವ, ಗ್ರಹಚಾರ ಎಂದು ಮುಚ್ಚಿಡುತ್ತಿದ್ದ ಕಾಲದಲ್ಲಿ ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ ಎಂದು ಬರೆಯಲು ಧೈರ್ಯ ಬೇಕಿತ್ತು. ‘ಬೆಳ್ಳಿಮೋಡ’ದ ಇಂದಿರಾಳ ಕಥೆ ಬೇರೆ. ಆಸ್ತಿಗೆ ಅವಳೇ ವಾರಸುದಾರಳು ಎಂದು ಒಪ್ಪಿದ್ದ ಹುಡುಗ, ಅವಳಿಗೆ ತಮ್ಮ ಹುಟ್ಟುತ್ತಲೇ ಹಿಂದೆ ಸರಿಯುತ್ತಾನೆ. ಕೊನೆಗೆ ಅವನೇ ಬಯಸಿ ಬಂದಾಗ ಬೇಡ ಎನ್ನುವವಳು ಅವಳು. ‘ಹಣ್ಣೆಲೆ ಚಿಗುರಿದಾಗ’ ವಿಧವೆಯ ಮರುಮದುವೆಯ ಪ್ರಶ್ನೆಯನ್ನು ಮನೆಯೊಳಗೇ ಎತ್ತುತ್ತದೆ.

ಇಂಥ ಬರವಣಿಗೆಗೆ ಸಿಕ್ಕ ಹೆಸರು ಅಡುಗೆಮನೆ ಸಾಹಿತ್ಯ. ಆ ತಲೆಮಾರಿನ ಬಹುತೇಕ ಲೇಖಕಿಯರ ಮೇಲೆ ಈ ಹಣೆಪಟ್ಟಿ ಬಿತ್ತು. ಅದೇ ವರ್ಷಗಳಲ್ಲಿ ಕನ್ನಡದಲ್ಲಿ ನವ್ಯದ ಗಾಳಿ ಬೀಸುತ್ತಿತ್ತು. ವ್ಯಕ್ತಿಯ ಮನಸ್ಸಿನ ಒಳತೋಟಿಯನ್ನು ಬರೆಯುವುದೇ ದೊಡ್ಡ ಸಾಹಿತ್ಯ ಎಂಬ ಮಾತು ನಡೆದಿತ್ತು. ತ್ರಿವೇಣಿ ಬರೆಯುತ್ತಿದ್ದುದೂ ಮನಸ್ಸಿನ ಒಳತೋಟಿಯನ್ನೇ. ಆದರೆ ಆ ಮನಸ್ಸು ಹೆಂಗಸಿನದು, ಅದನ್ನು ಮುಗಿಬಿದ್ದು ಓದುತ್ತಿದ್ದವರೂ ಹೆಂಗಸರು. ಹಾಗಾಗಿ ಅದು ಜನಪ್ರಿಯ, ಕಣ್ಣೀರಿನ ಕಥೆ ಎಂದಾಯಿತು. ಗಂಡಸಿನ ಸಂಕಟ ಮನುಷ್ಯನ ಸಂಕಟ, ಹೆಂಗಸಿನ ಸಂಕಟ ಮಾತ್ರ ಅಡುಗೆಮನೆಯದು!

ತ್ರಿವೇಣಿಯವರ ಕಾದಂಬರಿಗಳಲ್ಲಿ ದೋಷವೇ ಇಲ್ಲ ಎನ್ನುತ್ತಿಲ್ಲ. ಕೆಲವೆಡೆ ಕಣ್ಣೀರು ಹೆಚ್ಚಾಯಿತು, ಕಾಕತಾಳೀಯಗಳು ಹೆಚ್ಚಾದವು ಎಂದು ನನಗೂ ಅನಿಸಿದೆ. ಹಾಗೆ ಒಂದೊಂದು ಕೃತಿಯನ್ನು ಓದಿ ತೂಗುವುದು ವಿಮರ್ಶೆ. ಓದುಗರು ಯಾರು ಎಂದು ನೋಡಿ ಕೃತಿಯ ಬೆಲೆ ಕಟ್ಟುವುದು ವಿಮರ್ಶೆಯಲ್ಲ, ತಾತ್ಸಾರ.

1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. ಬಾಣಂತಿಯ ಸಂಕಟ ಬರೆದ ಲೇಖಕಿ ಬಾಣಂತಿಯಾಗಿಯೇ ಹೋದರು. ಆಗ ಅವರಿಗೆ 35 ಕೂಡ ತುಂಬಿರಲಿಲ್ಲ. ಮುಂದೆ ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ವನ್ನೂ 1971ರಲ್ಲಿ ‘ಶರಪಂಜರ’ವನ್ನೂ ತೆರೆಗೆ ತಂದರು. ಕಲ್ಪನಾ ಅವರ ಅಭಿನಯ ಮನೆಮಾತಾಯಿತು. ಶ್ರೇಷ್ಠ ಕನ್ನಡ ಚಿತ್ರಗಳ ಮಾತು ಬಂದಾಗ ಇಂದಿಗೂ ಈ ಹೆಸರುಗಳು ಬರುತ್ತವೆ. ಪುಸ್ತಕದಲ್ಲಿದ್ದಾಗ ಹೆಂಗಸರ ಕಥೆಯಾಗಿದ್ದದ್ದು ತೆರೆಗೆ ಬಂದಾಗ ಎಲ್ಲರ ಕಥೆಯಾಯಿತು.

ಇಂದು ಮನೆಯಲ್ಲಿ ಅಮ್ಮ ಧಾರಾವಾಹಿ ನೋಡಿದರೆ ನಾವು ಮೂಗು ಮುರಿಯುತ್ತೇವೆ. ನಾವು ನಾಲ್ಕು ಗಂಟೆ ಕ್ರಿಕೆಟ್ ನೋಡಿ ಕೂಗಾಡಿದರೆ, ಸೋತಾಗ ಅತ್ತರೆ, ಅದು ಅಭಿಮಾನ. ಧಾರಾವಾಹಿಗಳೆಲ್ಲ ಒಳ್ಳೆಯವೆಂದಲ್ಲ. ಅಳತೆಗೋಲು ಎರಡು ಯಾಕೆ ಎಂಬುದಷ್ಟೇ ನನ್ನ ಪ್ರಶ್ನೆ.

‘ಶರಪಂಜರ’ವನ್ನು ಅಮ್ಮ ಓದಿ ಮುಗಿಸಿದ್ದಾರೆ. ಹರೆಯದಲ್ಲಿ ಒಮ್ಮೆ ಓದಿದ್ದರಂತೆ, ಆ ವಿಷಯ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಅಂದು ರಾತ್ರಿ ಕಾವೇರಿಯ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಪುಸ್ತಕ ಈಗ ಆ ಗೆಳೆಯನ ಬಳಿ ಇದೆ. ಇಷ್ಟವಾಗದಿದ್ದರೆ ಬೈಯಲಿ, ಆದರೆ ಓದಿ ಬೈಯಲಿ ಎಂದು ಹೇಳಿ ಕೊಟ್ಟಿದ್ದೇನೆ.