ಕಾಫಿ ಹೌಸೂ ಎ. ಕೆ. ಗೋಪಾಲನ್ನರೂ

ಕಮ್ಯುನಿಸ್ಟ್ ನಾಯಕರೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೆರವಣಿಗೆ, ಮುಷ್ಕರ, ಸೆರೆಮನೆ. ಶ್ರೀ ಎ. ಕೆ. ಗೋಪಾಲನ್ನರ ಜೀವನದಲ್ಲಿ ಇವು ಯಾವುದಕ್ಕೂ ಕೊರತೆಯಿಲ್ಲ. ಆದರೆ ಅವರನ್ನು ಕುರಿತು ಬರೆಯಲು ನನ್ನನ್ನು ಪ್ರೇರಿಸಿದ್ದು ಒಂದು ಹೋಟೆಲಿನ ಜಮಾಖರ್ಚು ಎಂದರೆ ಸಹಪಾಠಿಗಳು ನಕ್ಕಾರು!

ಉತ್ತರ ಮಲಬಾರಿನಲ್ಲಿ ಹುಟ್ಟಿದ ಇವರು ಮೊದಲು ಶಾಲಾ ಶಿಕ್ಷಕರಾಗಿದ್ದರು. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ೧೯೩೧ರ ಗುರುವಾಯೂರು ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕರಾದರು. ೧೯೩೬ರಲ್ಲಿ ಹಸಿದವರ ತಂಡವನ್ನು ಮದರಾಸಿನವರೆಗೆ ನಡೆಸಿದರು. ೧೯೪೧ರಲ್ಲಿ ವೆಲ್ಲೂರು ಸೆರೆಮನೆಯಿಂದ ತಪ್ಪಿಸಿಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೂ ಸೆರೆಯಲ್ಲಿಯೇ ಇದ್ದರು. ೧೯೫೦ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಅವರ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಿಂದ ೧೯೫೭, ೧೯೬೨, ೧೯೬೭ರಲ್ಲಿ ಲೋಕಸಭೆಗೆ ಆರಿಸಿಬಂದರು.

ಈಗ ಹೋಟೆಲಿನ ಮಾತು. ದೇಶದಲ್ಲಿ ಕಾಫಿಯ ಬಳಕೆ ಹೆಚ್ಚಲೆಂದು ೧೯೩೦ರ ದಶಕದಿಂದ ಊರೂರುಗಳಲ್ಲಿ ಕಾಫಿ ಹೌಸುಗಳು ತೆರೆದಿದ್ದವು. ೧೯೫೦ರ ದಶಕದ ನಡುವಿನಲ್ಲಿ ಕಾಫಿ ಮಂಡಳಿಯು ಅವನ್ನು ಮುಚ್ಚಲು ನಿಶ್ಚಯಿಸಿತು. ಪರಿಚಾರಕರು, ಅಡುಗೆಯವರು, ತಟ್ಟೆ ತೊಳೆಯುವವರು ಬೀದಿಗೆ ಬೀಳುವ ಹೊತ್ತು. ಕಾರ್ಮಿಕ ಸಂಘ ಹೋರಾಡಿತು, ಗೋಪಾಲನ್ನರು ಬೆನ್ನಿಗೆ ನಿಂತರು. ಆದರೆ ಬಾಗಿಲು ಮುಚ್ಚಿ ಹೊರಟ ಧಣಿಯ ಮುಂದೆ ಮುಷ್ಕರ ಹೂಡಿ ಫಲವೇನು? ಆಗ ಅವರು ಕಾರ್ಮಿಕರಿಗೆ ಕೊಟ್ಟ ಸಲಹೆ ವ್ಯಾಪಾರಸ್ಥರದು: ಷೇರು ಕೂಡಿಸಿ, ಸಹಕಾರಿ ಸಂಘ ಕಟ್ಟಿ, ಹೋಟೆಲನ್ನು ನೀವೇ ನಡೆಸಿರಿ. ೧೯೫೭ರ ಆಗಸ್ಟಿನಲ್ಲಿ ಇಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಬಳಿಕ ದಿಲ್ಲಿಯಲ್ಲಿ, ೧೯೫೮ರಲ್ಲಿ ತ್ರಿಶ್ಶೂರಿನಲ್ಲಿ.

ಸಹಕಾರವೆಂಬುದು ನಮ್ಮ ಜಿಲ್ಲೆಗೆ ಹೊಸತಲ್ಲ. ಕಣಗಿನಹಾಳದ ಸಂಘ ೧೯೦೫ರಷ್ಟು ಹಳೆಯದು. ಅಲ್ಲಿ ಕೂಡಿದವರು ಸಾಲ ಬೇಕಾದ ಒಕ್ಕಲಿಗರು. ಇಲ್ಲಿ ಕೂಡಿದವರು ತಮ್ಮ ನೌಕರಿಯನ್ನೇ ತಾವು ಕೊಂಡುಕೊಂಡವರು. ಬೆಲೆ ಕಟ್ಟುವುದು, ಸಂಬಳ ಗೊತ್ತುಮಾಡುವುದು, ಹಾಲಿನ ಬಾಕಿ ತೀರಿಸುವುದು ಎಲ್ಲವೂ ಅವರ ತಲೆಯ ಮೇಲೆ ಬಂದಿತು. ಆಡಳಿತ ಮಂಡಳಿಯನ್ನು ಕಾರ್ಮಿಕರೇ ಚುನಾಯಿಸಬೇಕು. ನಷ್ಟವಾದರೆ ಘೋಷಣೆ ಕೂಗುವುದು ಯಾರ ವಿರುದ್ಧ? ಈ ಇಕ್ಕಟ್ಟನ್ನು ಬಲ್ಲವರೇ ಆ ದಾರಿ ಹಿಡಿದರೆಂಬುದು ನನಗೆ ಸೆರೆಮನೆಯಿಂದ ಪಾರಾದುದಕ್ಕಿಂತ ದೊಡ್ಡ ಧೈರ್ಯವಾಗಿ ತೋರುತ್ತದೆ.

ಇತ್ತ ಅಮೆರಿಕದ ಹಾರ್ವುಡ್ ಉಡುಪು ಕಾರ್ಖಾನೆಯಲ್ಲಿ ನಡೆದ ಒಂದು ಪ್ರಯೋಗದ ವಿವರ ೧೯೪೮ರಲ್ಲಿ ಪ್ರಕಟವಾಗಿತ್ತು. ಕೆಲಸದ ರೀತಿ ಬದಲಿಸುವಾಗ ಬರಿಯ ಅಪ್ಪಣೆ ಪಡೆದ ತಂಡದ ಉತ್ಪಾದನೆ ಕುಸಿದು ಹಾಗೆಯೇ ನಿಂತಿತು, ಕೆಲವರು ಕೆಲಸವನ್ನೇ ಬಿಟ್ಟರು. ಬದಲಾವಣೆಯನ್ನು ಗೊತ್ತುಮಾಡುವುದರಲ್ಲಿ ಪಾಲ್ಗೊಂಡ ತಂಡಗಳು ಬೇಗ ಚೇತರಿಸಿಕೊಂಡು ಮುಂದೆ ಹೋದವು. ವ್ಯವಹಾರಶಾಸ್ತ್ರದವರು ಧಣಿಗೆ ಕಲಿಸಿದ ಪಾಠವದು. ಧಣಿಯೇ ಇಲ್ಲದೆಡೆ ಅದನ್ನು ಕೊನೆಯವರೆಗೆ ಒಯ್ದವರು ಕಾಫಿ ಹೌಸಿನವರು.

ನಮ್ಮ ಇಟಗಿಯಿಂದ ದುಡಿಮೆಗೆ ಹೋಗಿ ಹೋಟೆಲುಗಳಲ್ಲಿ ತಟ್ಟೆ ತೊಳೆದವರಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ತಟ್ಟೆ ತೊಳೆಯುವವನು ಆಡಳಿತ ಮಂಡಳಿಯಲ್ಲಿ ಕೂಡಬಲ್ಲನೇ ಎಂಬುದು ನನಗೆ ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ. ಅಂಥ ಮಂಡಳಿಯಲ್ಲಿಯೂ ಜಗಳ, ಪಕ್ಷಪಾತಗಳು ಇಲ್ಲದಿರಲಾರವು. ಮನುಷ್ಯರಿದ್ದಲ್ಲಿ ಅವು ಇದ್ದದ್ದೇ.

ಗೋಪಾಲನ್ನರು ೧೯೭೭ರ ಮಾರ್ಚ್ ೨೨ರಂದು ತೀರಿಕೊಂಡರು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು ೨೦೦೯ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಕೇರಳದ ಕಾಫಿ ಹೌಸುಗಳ ಗೋಡೆಯ ಮೇಲೆ ಅವರ ಭಾವಚಿತ್ರವಿದೆ. ಅದರ ಕೆಳಗೆ ತುರಾಯಿ ರುಮಾಲಿನ ಪರಿಚಾರಕರು, ಅಂದರೆ ಮಾಲೀಕರು, ಕಾಫಿ ತಂದಿಡುತ್ತಾರೆ.