46 ವಚನಕ್ಕೆ 17 ಪ್ರಸಂಗ: ಜಿನೀವಾದ ಪಾದ್ರಿ ಕ್ಯಾಲ್ವಿನ್ ಕಥೆ

ಬೈಬಲ್‌ನಲ್ಲಿ ತೀತನಿಗೆ ಬರೆದ ಪತ್ರ ಅಂತ ಒಂದು ಪುಟ್ಟ ಪುಸ್ತಕ ಇದೆ. ಮೂರೇ ಅಧ್ಯಾಯ, 46 ವಚನ. ಒಂದು ಟೀ ಕುಡಿಯೋ ಹೊತ್ತಲ್ಲಿ ಓದಿ ಮುಗಿಸಬಹುದು. 1555ರಲ್ಲಿ ಜಿನೀವಾ ಊರಿನ ಪಾದ್ರಿ ಜಾನ್ ಕ್ಯಾಲ್ವಿನ್ ಇದರ ಮೇಲೆ 17 ಪ್ರಸಂಗ ಮಾಡಿದರು. ಒಂದೊಂದು ಹೆಚ್ಚು ಕಡಿಮೆ ಒಂದು ಗಂಟೆಯದು. ಅಂದ್ರೆ ದಿನಕ್ಕೆ ಎರಡೋ ಮೂರೋ ವಚನ, ಅಷ್ಟೇ.

ಅಷ್ಟು ಹೊತ್ತು ಹೇಳೋಕೆ ಏನಿತ್ತು ಅಂದ್ರೆ, ಆ ಪತ್ರದಲ್ಲೇ ಎಲ್ಲ ಇದೆ. ಸಭೆ ನಡೆಸುವವನು ಕುಡುಕನಾಗಬಾರದು, ದುಡ್ಡಿನ ಹಿಂದೆ ಬೀಳಬಾರದು, ಆಳು ಧಣಿಯ ಮನೆಯದ್ದನ್ನು ಕದಿಯಬಾರದು. ಕ್ಯಾಲ್ವಿನ್ ಇಂಥ ಒಂದೊಂದು ಮಾತನ್ನೂ ಹಿಡಿದು, ಎದುರಿಗೆ ಕೂತವರ ಮನೆ, ಅಂಗಡಿ, ಜಗಳ, ಸಾಲದ ತನಕ ತಂದು ನಿಲ್ಲಿಸುತ್ತಿದ್ದರು. ನೀವು ಹೀಗೆ ಅನ್ನುವುದಕ್ಕಿಂತ ನಾವು ಹೀಗೆ ಅನ್ನುವುದೇ ಅವರ ರೂಢಿ. ಬೈದರೂ ತಮ್ಮನ್ನೂ ಸೇರಿಸಿಕೊಂಡೇ ಬೈತಿದ್ದರು.

ಅವರು ಹುಟ್ಟಿದ್ದು 1509ರ ಜುಲೈ 10ರಂದು, ಫ್ರಾನ್ಸ್‌ನ ನ್ವಾಯೋ ಊರಿನಲ್ಲಿ. ಅಪ್ಪ ಅಲ್ಲಿನ ದೊಡ್ಡ ಚರ್ಚ್‌ನ ಕಾಗದ ಪತ್ರ ನೋಡಿಕೊಳ್ಳುತ್ತಿದ್ದವರು. ಮಗ ಓದಿದ್ದು ಕಾನೂನು. ಆ ಓದು ಕೊನೆ ತನಕ ಬಿಡಲಿಲ್ಲ; ವಕೀಲರು ಕ್ರಯಪತ್ರ ಓದಿದ ಹಾಗೆ ಒಂದು ಪದ ಬಿಡದೆ ಬೈಬಲ್ ಓದುತ್ತಿದ್ದರು. ರೋಮಿನ ಚರ್ಚನ್ನು ಬಿಟ್ಟು ಸುಧಾರಣೆಯವರ ಕಡೆ ಸೇರಿದ ಮೇಲೆ ಫ್ರಾನ್ಸ್‌ನಲ್ಲಿ ಇರೋದು ಕಷ್ಟ ಆಯಿತು, ಊರು ಬಿಟ್ಟರು. 1536ರಲ್ಲಿ ಅವರ ಮೊದಲ ದೊಡ್ಡ ಪುಸ್ತಕ ಅಚ್ಚಾಗಿದ್ದು ಬಾಸೆಲ್‌ನಲ್ಲಿ. ಮುನ್ನೂರು ವರ್ಷ ಆದ ಮೇಲೆ, 1834ರಲ್ಲಿ, ಮಂಗಳೂರಿಗೆ ಬಂದು ಆಮೇಲೆ ಹೆಂಚಿನ ಕಾರ್ಖಾನೆ ಹಾಕಿದ ಬಾಸೆಲ್ ಮಿಷನ್ ಇದೇ ಊರಿನದು.

ಜಿನೀವಾಕ್ಕೆ ಅವರು ಬಂದಿದ್ದು ಒಂದು ರಾತ್ರಿ ತಂಗೋಕೆ. ಹೋಗಬೇಕಾಗಿದ್ದು ಸ್ಟ್ರಾಸ್‌ಬರ್ಗ್‌ಗೆ, ದಾರಿಯಲ್ಲಿ ಯುದ್ಧ, ಹಾಗಾಗಿ ಸುತ್ತು ಬಳಸಿ ಬಂದರು. ಊರಿನ ಪಾದ್ರಿ ಫರೆಲ್ ಬಂದು ಹೆದರಿಸಿ, ಬೈದು, ಹೇಗೋ ಉಳಿಸಿಕೊಂಡರು. ಎರಡೇ ವರ್ಷದಲ್ಲಿ ನಗರಸಭೆ ಜತೆ ಜಗಳ ಆಗಿ 1538ರ ಈಸ್ಟರ್ ಮುಗಿಯುತ್ತಲೇ ಇಬ್ಬರನ್ನೂ ಊರಿಂದ ಹೊರಗೆ ಹಾಕಿದರು. ಮೂರು ವರ್ಷ ಕಳೆದು ಅದೇ ನಗರಸಭೆ ಕ್ಯಾಲ್ವಿನ್‌ರನ್ನು ವಾಪಸ್ ಕರೆಸಿತು. ಸಂಬಳ 500 ಫ್ಲೋರಿನ್, ಜತೆಗೆ ಗೋಧಿ, ದ್ರಾಕ್ಷಾರಸ.

1541ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದವರು ಪೀಠ ಹತ್ತಿದಾಗ ಹಳೇ ಲೆಕ್ಕ ತೀರಿಸ್ತಾರೆ ಅಂತ ಯಾರಿಗಾದರೂ ಅನಿಸಿರಬೇಕು. ಅವರು ಹಾಗೆ ಮಾಡಲಿಲ್ಲ. ಮೂರು ವರ್ಷದ ಹಿಂದೆ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಬೈಬಲ್ ಓದೋಕೆ ಶುರು ಮಾಡಿದರು. ಅವರ ಇಡೀ ಜೀವನದಲ್ಲಿ ಇದಕ್ಕಿಂತ ಚೆಂದದ ಉತ್ತರ ಇನ್ನೊಂದಿಲ್ಲ.

ಅವರ ಕ್ರಮ ಸರಳ. ಭಾನುವಾರ ಎರಡು ಸಲ, ಹೆಚ್ಚಾಗಿ ಹೊಸ ಒಡಂಬಡಿಕೆ. ವಾರ ಬಿಟ್ಟು ವಾರ ಕೆಲಸದ ದಿನಗಳಲ್ಲಿ ದಿನಾ ಬೆಳಿಗ್ಗೆ ಹಳೇ ಒಡಂಬಡಿಕೆ. ಒಂದು ಪುಸ್ತಕ ಹಿಡಿದರೆ ಮುಗಿಯೋ ತನಕ ಬಿಡುತ್ತಿರಲಿಲ್ಲ. ಕೈಯಲ್ಲಿ ಬರೆದುಕೊಂಡ ಚೀಟಿ ಇಲ್ಲ. ಎದುರಿಗೆ ಹೀಬ್ರೂ ಅಥವಾ ಗ್ರೀಕ್ ಪುಸ್ತಕ, ಬಾಯಲ್ಲಿ ಪೇಟೆಯ ಫ್ರೆಂಚ್.

ಈ ಮಾತೆಲ್ಲ ಗಾಳಿಗೆ ಹೋಗ್ತಾ ಇದೆ ಅಂತ ಫ್ರಾನ್ಸ್‌ನಿಂದ ಓಡಿ ಬಂದಿದ್ದ ನಿರಾಶ್ರಿತರಿಗೆ ಅನಿಸಿತು. 1549ರಲ್ಲಿ ಸಂಬಳ ಕೊಟ್ಟು ಡೆನಿ ರಾಗನಿಯೆ ಅನ್ನೋ ಒಬ್ಬ ಬರಹಗಾರನನ್ನು ಇಟ್ಟರು. ಆತ ತನ್ನದೇ ಗುರುತಿನ ಶೀಘ್ರಲಿಪಿಯಲ್ಲಿ ಬರೆದುಕೊಂಡು ಆಮೇಲೆ ಪೂರ್ತಿ ಬರೆಸುತ್ತಿದ್ದ. ಹೀಗೆ ಎರಡು ಸಾವಿರಕ್ಕೂ ಹೆಚ್ಚು ಪ್ರಸಂಗ ಕಾಗದಕ್ಕೆ ಇಳಿದವು. ಅಚ್ಚಾಗಿ ಮಾರಾಟವಾದ ಪ್ರಸಂಗಗಳ ಲಾಭ ಬಡ ನಿರಾಶ್ರಿತರ ನಿಧಿಗೆ ಹೋಗುತ್ತಿತ್ತು.

1550ರ ನವೆಂಬರ್‌ನಿಂದ 1551ರ ಜನವರಿ ತನಕ ಅವರು ಹಿಡಿದಿದ್ದು ಮೀಕನ ಪುಸ್ತಕ. ಏಳು ಅಧ್ಯಾಯ, 28 ಪ್ರಸಂಗ. ಮೀಕ ಹಳ್ಳಿಯಿಂದ ಬಂದ ಪ್ರವಾದಿ. ರಾತ್ರಿ ಹಾಸಿಗೆಯಲ್ಲಿ ಯೋಚನೆ ಮಾಡಿ ಬೆಳಗಾದ ಕೂಡಲೇ ಬಡವರ ಹೊಲ ಮನೆ ಕಸಿದುಕೊಳ್ಳೋರು, ಲಂಚ ತಿನ್ನೋ ನ್ಯಾಯಾಧೀಶರು, ದುಡ್ಡು ಕೊಟ್ಟವರಿಗೆ ಒಳ್ಳೇ ಮಾತು ಹೇಳೋ ಪ್ರವಾದಿಗಳು, ಕಳ್ಳ ತಕ್ಕಡಿ, ಚೀಲದಲ್ಲಿ ಮೋಸದ ತೂಕದ ಕಲ್ಲು ಇಟ್ಟುಕೊಂಡ ವ್ಯಾಪಾರಿಗಳು, ಎಲ್ಲರೂ ಆ ಪುಟ್ಟ ಪುಸ್ತಕದಲ್ಲಿದ್ದಾರೆ. ಪೇಟೆ ಶುರುವಾಗೋ ಊರಿನಲ್ಲಿ, ಕೆಲಸದ ದಿನ, ಅಂಗಡಿ ಮಾಲೀಕರನ್ನೂ ನಗರಸಭೆ ಸದಸ್ಯರನ್ನೂ ಮುಂದೆ ಕೂರಿಸಿಕೊಂಡು ಇದನ್ನು ಓದಿದರೆ ಯಾರಿಗೆ ತಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಸಾಲದ ಬಡ್ಡಿ ತಗೊಳ್ಳೋದೇ ಪಾಪ ಅಂತ ಹಳೇ ಪಾದ್ರಿಗಳು ಹೇಳ್ತಿದ್ದರು. ಕ್ಯಾಲ್ವಿನ್ ವ್ಯಾಪಾರದ ಸಾಲಕ್ಕೆ ಮಿತಿಯ ಬಡ್ಡಿ ಆಗಬಹುದು ಅಂದರು, ಆದರೆ ಹೊಟ್ಟೆಗಿಲ್ಲದವನ ಹತ್ತಿರ ಬಡ್ಡಿ ಕೀಳಬಾರದು ಅಂತ ಗೆರೆ ಎಳೆದರು.

ಇಷ್ಟಕ್ಕೇ ನಿಂತಿದ್ದರೆ ಕಥೆ ಬೇರೆ ಥರ ಇರುತ್ತಿತ್ತು. ಪೀಠದ ಮಾತು ಜಾರಿ ಮಾಡೋಕೆ ಕನ್ಸಿಸ್ಟರಿ ಅಂತ ಒಂದು ಮಂಡಳಿ ಇತ್ತು, ಪ್ರತಿ ಗುರುವಾರ ಕೂರುತ್ತಿತ್ತು. ಹೆಂಡತಿಗೆ ಹೊಡೆದವನು, ಗಿರಾಕಿಗೆ ಮೋಸ ಮಾಡಿದವನು, ಪ್ರಾರ್ಥನೆ ಬಾರದ ಮುದುಕಿ, ಎಲ್ಲರಿಗೂ ಅಲ್ಲಿಗೆ ಕರೆ. ಜೈಲಿಗೆ ಹಾಕೋ ಅಧಿಕಾರ ಮಂಡಳಿಗೆ ಇರಲಿಲ್ಲ, ಆದರೆ ನಗರಸಭೆಗೆ ಒಪ್ಪಿಸಬಹುದಿತ್ತು. 1546ರಲ್ಲಿ ಹೆಂಡದಂಗಡಿ ಮುಚ್ಚಿಸಿ, ಬೈಬಲ್ ಇಟ್ಟ ಹೋಟೆಲ್ ತೆರೆಸಿದರು. ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿದವು. ಗಿರಾಕಿ ಬರಲಿಲ್ಲ.

ಅದೇ ವರ್ಷ ಇಸ್ಪೀಟ್ ಎಲೆ ತಯಾರಿಸೋ ಪಿಯರ್ ಆಮೋ ಪ್ರಕರಣ ಆಯಿತು. ಜೂಜಿಗೆ ತಡೆ ಬಿದ್ದರೆ ಇಸ್ಪೀಟ್ ಮಾಡೋನ ವ್ಯಾಪಾರ ಏನಾಗಬೇಕು? ಆತ ತನ್ನ ಮನೆಯ ಊಟದಲ್ಲಿ ಕ್ಯಾಲ್ವಿನ್‌ರನ್ನು ಕೆಟ್ಟವನು ಅಂತ ಬೈದ. ಸುದ್ದಿ ಹೊರಗೆ ಬಂತು. ನಗರಸಭೆ ಮುಂದೆ ಕ್ಷಮೆ ಕೇಳಿದರೆ ಸಾಕು ಅಂದವರಿದ್ದರು, ಕ್ಯಾಲ್ವಿನ್ ಒಪ್ಪಲಿಲ್ಲ. ಕೊನೆಗೆ ಆಮೋ ಬರೀ ಅಂಗಿಯಲ್ಲಿ, ಕೈಯಲ್ಲಿ ಪಂಜು ಹಿಡಿದು, ಊರೆಲ್ಲ ಸುತ್ತಿ ಕ್ಷಮೆ ಬೇಡಬೇಕಾಯಿತು. ಆತ ನಗರಸಭೆ ಸದಸ್ಯನೂ ಹೌದು. ಮನೆ ಊಟದಲ್ಲಿ ಆಡಿದ ಮಾತಿಗೆ ಇದು ಅತಿಯಾಯಿತು.

ಇದಕ್ಕಿಂತ ದೊಡ್ಡ ಕಪ್ಪು ಚುಕ್ಕೆ 1553ರದು. ಮಿಗೆಲ್ ಸೆರ್ವೆಟಸ್ ಸ್ಪೇನ್‌ನ ವೈದ್ಯ. ರಕ್ತ ಶ್ವಾಸಕೋಶದೊಳಗೆ ಹೇಗೆ ಹರಿಯುತ್ತದೆ ಅಂತ ಯುರೋಪಿನಲ್ಲಿ ಮೊದಲು ಬರೆದವನು. ತ್ರಿಯೇಕ ದೇವರ ಸಿದ್ಧಾಂತವನ್ನು ಆತ ಒಪ್ಪುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಜಿನೀವಾಕ್ಕೆ ಬಂದು ಚರ್ಚ್‌ಗೆ ಹೋದಾಗ ಗುರುತು ಸಿಕ್ಕಿ, ಕ್ಯಾಲ್ವಿನ್ ಮುಂದಾಗಿ ಬಂಧಿಸಿದರು. ಅಕ್ಟೋಬರ್ 27ರಂದು ಶಾಂಪೆಲ್ ಗುಡ್ಡದಲ್ಲಿ ಜೀವಂತ ಸುಟ್ಟರು. ಸುಡಬೇಡಿ, ಕತ್ತಿಯಿಂದ ಮುಗಿಸಿ ಅಂತ ಕ್ಯಾಲ್ವಿನ್ ಕೇಳಿದ್ದು ನಿಜ. ಸಾಯಿಸಬೇಡಿ ಅಂತ ಕೇಳಲಿಲ್ಲ ಅನ್ನೋದೂ ನಿಜ. ಆ ಕಾಲವೇ ಹಾಗಿತ್ತು ಅನ್ನೋ ಸಮಾಧಾನ ಸಾಲದು. ಹಿಂದೆ ಜಿನೀವಾದಲ್ಲೇ ಶಾಲೆ ನಡೆಸಿದ್ದ ಕಸ್ತೇಲಿಯೋ ಆಗಲೇ ಬಾಸೆಲ್‌ನಲ್ಲಿ ಕೂತು ಇದು ತಪ್ಪು ಅಂತ ಬರೆದ. 1903ರಲ್ಲಿ ಕ್ಯಾಲ್ವಿನ್ ದಾರಿಯವರೇ ಶಾಂಪೆಲ್‌ನಲ್ಲಿ ಪಶ್ಚಾತ್ತಾಪದ ಕಲ್ಲು ನಿಲ್ಲಿಸಿದರು.

ಮನೆಯಲ್ಲಿ ಸುಖ ಕಡಿಮೆ. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ತೀರಿಕೊಂಡಿತು, ಹೆಂಡತಿ ಇಡೆಲೆಟ್ 1549ರಲ್ಲಿ ಹೋದರು. ಕೀಲುನೋವು, ಮೂತ್ರದ ಕಲ್ಲು, ಜ್ವರ, ಕೆಮ್ಮು. ನಡೆಯೋಕೆ ಆಗದಿದ್ದಾಗ ಕುರ್ಚಿಯಲ್ಲಿ ಹೊತ್ತು ಚರ್ಚ್‌ಗೆ ತರುತ್ತಿದ್ದರು. 1564ರ ಫೆಬ್ರುವರಿ 6ರದ್ದೇ ಕೊನೆಯ ಪ್ರಸಂಗ. ಮೇ 27ರಂದು ತೀರಿಕೊಂಡರು, ವಯಸ್ಸು 54. ಅವರೇ ಹೇಳಿದ್ದ ಪ್ರಕಾರ ಸಮಾಧಿಗೆ ಹೆಸರಿನ ಕಲ್ಲು ಹಾಕಲಿಲ್ಲ.

ಉಳಿದಿದ್ದು ರಾಗನಿಯೆ ಬರೆದಿಟ್ಟ ಸಂಪುಟಗಳು. ಅವು ಜಿನೀವಾದ ಗ್ರಂಥಾಲಯದಲ್ಲಿ ಬಹಳ ಕಾಲ ಇದ್ದವು. ಹಳೇ ಕೈಬರಹ ಯಾರೂ ಓದಲ್ಲ ಅಂತ 1805ರಲ್ಲಿ ಹೆಚ್ಚಿನದನ್ನು ಪುಸ್ತಕದ ವ್ಯಾಪಾರಿಗಳಿಗೆ ರದ್ದಿ ಕಾಗದದ ಥರ ತೂಕಕ್ಕೆ ಹಾಕಿ ಮಾರಿದರು. ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಎಂಟು ಸಂಪುಟ ಸಿಕ್ಕವು, ಆಮೇಲೆ ಇನ್ನೂ ಕೆಲವು. ಯೋನ, ಓಬದ್ಯ ಪುಸ್ತಕಗಳ ಮೇಲಿನ ಪ್ರಸಂಗಗಳು ಹೋದವು ಹೋದವೇ. ತಕ್ಕಡಿ ಮೋಸದ ಮಾತಿರೋ ಮೀಕನ 28 ಪ್ರಸಂಗ ಮಾತ್ರ ಉಳಿದುಕೊಂಡಿವೆ.