ಹರ್ಮನ್ ಎಬ್ಬಿಂಗ್‌ಹೌಸ್

ಹರ್ಮನ್ ಎಬ್ಬಿಂಗ್‌ಹೌಸ್ (24 ಜನವರಿ 1850 – 26 ಫೆಬ್ರುವರಿ 1909) ಸ್ಮೃತಿಯನ್ನು ಪ್ರಯೋಗದ ಮೂಲಕ ಅಳೆದ ಜರ್ಮನಿಯ ಮನೋವಿಜ್ಞಾನಿ. ಬಾರ್ಮೆನ್‌ನಲ್ಲಿ ಜನಿಸಿದ ಇವರು 1873ರಲ್ಲಿ ಬಾನ್ ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಸಂವೇದನೆಯನ್ನು ಅಳೆಯಬಹುದೆಂದು ಫೆಕ್ನರ್ ತೋರಿಸಿದ್ದರು. ಆದರೆ ಉನ್ನತ ಮಾನಸಿಕ ಪ್ರಕ್ರಿಯೆಗಳು ಪ್ರಯೋಗಕ್ಕೆ ನಿಲುಕವೆಂಬುದು ವುಂಟ್ ಅವರ ನಿಲುವಾಗಿತ್ತು. ಎಬ್ಬಿಂಗ್‌ಹೌಸ್ ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಪರಿಚಿತ ಪದಗಳಿಗೆ ಹಳೆಯ ನೆನಪುಗಳು ಅಂಟಿಕೊಂಡಿರುತ್ತವೆ. ಆದ್ದರಿಂದ ಸುಮಾರು 2,300 ಅರ್ಥರಹಿತ ಅಕ್ಷರಗುಚ್ಛಗಳನ್ನು ರಚಿಸಿ, ಅವುಗಳ ಪಟ್ಟಿಗಳನ್ನು ಕಂಠಪಾಠ ಮಾಡಿದರು. ಕೆಲಕಾಲದ ನಂತರ ಅದೇ ಪಟ್ಟಿಯನ್ನು ಪುನಃ ಕಲಿಯುವಾಗ ಮೊದಲಿಗಿಂತ ಎಷ್ಟು ಸಮಯ ಉಳಿಯಿತೆಂಬುದೇ ಅವರ ಅಳತೆಗೋಲು. ಈ ಉಳಿತಾಯ ಸುಮಾರು 20 ನಿಮಿಷಗಳ ಬಳಿಕ ಶೇ. 58, ಒಂದು ದಿನದ ಬಳಿಕ ಶೇ. 34, 31 ದಿನಗಳ ಬಳಿಕ ಶೇ. 21 ಇತ್ತು. ಮರೆವು ಆರಂಭದಲ್ಲಿ ತೀವ್ರ, ಅನಂತರ ನಿಧಾನ ಎಂಬುದನ್ನು ತೋರಿಸುವ ಈ ವಿಸ್ಮೃತಿ ರೇಖೆ 1885ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಬಂದಿದೆ. ಒಂದೇ ದಿನ ಕೂತು ಓದುವುದಕ್ಕಿಂತ ಕಲಿಕೆಯನ್ನು ಹಲವು ದಿನಗಳಿಗೆ ಹಂಚಿದರೆ ಕಡಿಮೆ ಆವೃತ್ತಿಗಳು ಸಾಕೆಂಬುದನ್ನೂ ಅವರು ಕಂಡುಕೊಂಡರು. ಒಬ್ಬನೇ ವ್ಯಕ್ತಿಯನ್ನು ಆಧರಿಸಿದ್ದು ಈ ಅಧ್ಯಯನದ ಸ್ಪಷ್ಟ ಮಿತಿ. ಆದರೂ 2015ರಲ್ಲಿ ಪ್ರಕಟವಾದ ಮರುಪ್ರಯೋಗವೊಂದರ ಫಲಿತಾಂಶವು ಇದಕ್ಕೆ ಬಹಳ ಹತ್ತಿರವಾಗಿತ್ತು.

ಬರ್ಲಿನ್, ಬ್ರೆಸ್ಲಾವ್ ಮತ್ತು ಹಾಲೆ ವಿಶ್ವವಿದ್ಯಾಲಯಗಳಲ್ಲಿ ಅವರು ಬೋಧಿಸಿದರು. ಬ್ರೆಸ್ಲಾವ್‌ನಲ್ಲಿ ಶಾಲಾಮಕ್ಕಳಿಗಾಗಿ ರೂಪಿಸಿದ ವಾಕ್ಯಪೂರಣ ಪರೀಕ್ಷೆಯು ಮುಂದೆ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಸೇರಿತು. ನ್ಯುಮೋನಿಯಾದಿಂದ ಹಾಲೆಯಲ್ಲಿ ನಿಧನರಾದರು.